ಡಚೆಸ್ ಕಿತ್ತ ಸರಪಳಿ

ಬೋವೆನ್ ಬಂದರಿನಲ್ಲಿ ದೋಣಿ ಇಳಿಸುವವರ ಸಾಲು ನಿಂತಲ್ಲೇ ನಿಂತಿತ್ತು. ಲೋರ್ನಾ ಕಾರಿನ ಗಾಜು ಇಳಿಸಿ, ಮುಂದಿದ್ದ ದೋಣಿ ಹೊತ್ತ ಟ್ರೇಲರಿನ ಪಕ್ಕ ನಿಂತಿದ್ದ ಭಾವ-ಮೈದುನರ ಮಾತಿಗೆ ಕಿವಿಗೊಟ್ಟಳು.

“ಕ್ಲಾರಿ ಭಾವ, ಟ್ರೇಲರ್‌ಗೆ ನಾಯಿ ಸರಪಳಿ ಕಟ್ಟಿದೀಯಲ್ಲ!”

“ಕಾರಿಗೆ ಸಿಕ್ಕಿಸಿರೋ ಕೊಂಡಿ ಗಟ್ಟಿಯಾಗಿದೆಯಲ್ಲೋ ಡೆಸ್. ಸರಪಳಿ ಬರೀ ಪೊಲೀಸರಿಗೆ ತೋರ್ಸೋಕೆ.”

“ಕೊಂಡಿ ಕಳಚಿದ್ರೆ ದೋಣಿನ ಹಿಡಿಯೋದು ಸರಪಳಿನೇ. ಎರಡನ್ನ ಕತ್ತರಿ ಥರ ಅಡ್ಡ ಹಾಕ್ಬೇಕು. ಭಾರ ತಡೆಯುತ್ತೆ ಅಂತ ಮುದ್ರೆ ಇರೋ ಜೋಡಿ ನಾನೇ ತಂದ್ಕೊಟ್ಟಿದ್ನಲ್ಲ?”

“ಅದ್ರಲ್ಲಿ ಡಚೆಸ್‌ನ ಕಟ್ಟಿದೀನಿ.”

“ನಾಯೀನಾ?”

“ಮತ್ತೇನ್ ಮಾಡ್ಲಿ? ಈ ಸರಪಳಿನ ಕಿತ್ಕೊಂಡು ಹೋಗಿ ಪಕ್ಕದ್ಮನೆ ಕೋಳಿ ತಿಂದ್ಬಿಟ್ಲು.”

“ಕಿತ್ತಿದ್ದು ಇದನ್ನೇನಾ?”

“ತಂತಿ ಸುತ್ತಿ ಸರಿ ಮಾಡಿದೀನಿ ಬಿಡೋ.”

“ಅಯ್ಯೋ ಮಾರಾಯ! ನಾಯೀನೇ ತಡೀದೇ ಇದ್ದದ್ದು ದೋಣಿನ ತಡೆಯುತ್ತಾ?”

“ದೋಣಿಗೆ ಕೋಳಿ ಆಸೆ ಇಲ್ವಲ್ಲೋ!”

ಅಷ್ಟರಲ್ಲಿ ಸಾಲು ಸರಿಯಿತು.

“ಹತ್ತೋ, ಹೋಗೋಣ.”

“ನೀನು ಹೋಗು ಭಾವ. ನಾನು ನಡ್ಕೊಂಡು ಬರ್ತೀನಿ. ದೂರದಿಂದ.”

ಕ್ಲಾರಿಯ ಕಾರು ದೋಣಿಯನ್ನು ಎಳೆದುಕೊಂಡು, ನೀರಿಗಿಳಿಯುವ ಮೊದಲು ಸಿಗುವ ಏರು ಹತ್ತತೊಡಗಿತು. ಹಿಂದಿನವರು ಎಷ್ಟು ಹಾರ್ನ್ ಬಾರಿಸಿದರೂ ಲೋರ್ನಾ ತನ್ನ ಕಾರನ್ನು ಕದಲಿಸಲಿಲ್ಲ.