ಚೈನು ಇನ್ನೂ ಒಣಗಿಲ್ಲ

ಬೇಡ ರೀ, ಅದನ್ನ ಮುಟ್ಟಬೇಡಿ. ಇನ್ನೂ ಒಣಗಿಲ್ಲ ಅಂದೆನಲ್ಲ. ಕೈಯೆಲ್ಲ ಸೀಮೆಎಣ್ಣೆ ಮಾಡ್ಕೊಂಡು ಆಮೇಲೆ ದಿಂಬಿಗೆ ಒರೆಸ್ತೀರಿ. ಕೂರೋದಾದ್ರೆ ಆ ಸ್ಟೂಲ್ ಎಳ್ಕೊಳ್ಳಿ... ಆ ಕಡೆ ಅಲ್ಲ, ಬಲಗಡೆ ಇದೆ. ಹಾಂ. ಟೀನೂ ಬಲಗಡೆನೇ ಇಟ್ಟಿದ್ದೀನಿ, ಕಿಟಕಿ ಕಟ್ಟೆ ಮೇಲೆ. ಪೇಪರ್ ಮೇಲೆ ಕಾಲಿಡಬೇಡಿ, ಹಲ್ಲುಚಕ್ರ ಇಟ್ಟಿದ್ದೀನಿ ಅಲ್ಲಿ.

ಹೌದು, ಇವತ್ತೂ ಚೈನೇ. ಯಾಕೆ ಹಾಗೆ ಉಸಿರು ಬಿಡ್ತೀರಿ? ಮದುವೆಯಾದಾಗಿಂದ ನಿಮ್ಮ ಈ ಸೈಕಲ್ ಸೇವೆ ನೋಡ್ತಾ ಬಂದಿದ್ದೀನಿ. ಒಂದು ದಿನ ಉಸಿರು ಬಿಟ್ಟಿದ್ದೀನಾ ನಾನು? ಬಿಟ್ಟಿದ್ರೂ ಅಡುಗೆಮನೆಗೆ ಹೋಗಿ ಬಿಟ್ಟಿದ್ದೀನಿ, ನಿಮ್ಮ ಎದುರಿಗಲ್ಲ.

ನಾನು ಕೇಳಿದ್ದು ಒಂದೇ. ಬೀದಿ ಸುತ್ತಿ ಬಂದ ಸೈಕಲ್ ನಾನು ಒರೆಸಿದ ನೆಲದ ಮೇಲೆ ನಿಲ್ಲೋದಾದ್ರೆ ಚೊಕ್ಕಟವಾಗಿ ನಿಲ್ಲಲಿ. ಚೈನು ಬಿಚ್ಚಿದ್ರೆ, ಬಿಳಿ ಬಟ್ಟೆಯಲ್ಲಿ ಎಳೆದಾಗ ಬಟ್ಟೆ ಬಿಳಿಯಾಗೇ ಉಳೀಬೇಕು. ಅಲ್ಲೀವರೆಗೂ ಅದು ವಾಪಸ್ ಸೈಕಲ್ ಏರೋ ಹಾಗಿಲ್ಲ. ನಗಬೇಡಿ. ನಮ್ಮ ಕಾನ್ವೆಂಟಿನಲ್ಲಿ ಮದರ್ ತಮ್ಮ ಬಿಳಿ ಕರವಸ್ತ್ರ ತಗೊಂಡು ನಮ್ಮ ಮಂಚದ ಅಡಿಯಲ್ಲಿ ಎಳೀತಿದ್ರು. ಕಪ್ಪಾದ್ರೆ ಬೈತಿರಲಿಲ್ಲ. ಆ ಕರವಸ್ತ್ರ ತಂದು ನಮ್ಮ ಮುಂದೆ ಇಟ್ಟು ಸುಮ್ಮನೆ ನಿಂತ್ಕೊಳ್ತಿದ್ರು, ಅಷ್ಟೆ. ಅದಕ್ಕಿಂತ ನಾಲ್ಕು ಬಿಗಿದಿದ್ರೆ ವಾಸಿ ಅನ್ನಿಸ್ತಿತ್ತು. ನೀವು ಆಗ್ಲೂ ನಕ್ಕಿದ್ರಿ ಈ ಕಥೆಗೆ. ನಕ್ಕರೂ ಪಾಲಿಸಿದ್ರಿ ಅನ್ನಿ. ಪ್ರತಿ ಶನಿವಾರ ಹಳೇ ಬನಿಯನ್ ಹರ್ಕೊಂಡು ಕೂರೋರು.

ನಿಮ್ಮಮ್ಮ ಹೇಳ್ತಿದ್ರಲ್ಲ... ನನ್ನ ಮಗನಿಗೆ ಇಬ್ಬರು ಹೆಂಡ್ತೀರು, ಒಬ್ಬಳಿಗೆ ಎರಡು ತೊಟ್ಟು ಎಣ್ಣೆ ಬಿಟ್ರೆ ಕಿರುಗುಟ್ಟೋದು ನಿಲ್ಲಿಸ್ತಾಳೆ ಅಂತ. ಇನ್ನೊಬ್ಬಳ ವಿಷಯ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅತ್ತೆ ಮಾತು, ಅರ್ಥ ಆಗದೇ ಇರುತ್ತಾ? ಸವತಿ ಅಂತ ನಾನು ಇದಕ್ಕೆ ಹೆಸರಿಟ್ಟಿದ್ದೇ ಅವತ್ತು. ಈಗ ನೋಡಿ, ಸವತಿಯ ಹಲ್ಲುಜ್ಜೋ ಕೆಲಸ ನನ್ನ ಪಾಲಿಗೆ ಬಂದಿದೆ.

ನೀವು ಬೇಡ. ಕಣ್ಣಿಗೆ ಔಷಧಿ ಬಿಟ್ಕೊಳ್ತಿರೋರು ಸೀಮೆಎಣ್ಣೆ ಹತ್ತಿರ ಬರಬಾರದು. ಡಾಕ್ಟರ್ ಹೇಳಿದ್ರಾ ಅಂದ್ರೆ? ನಾನು ಹೇಳ್ತಿದ್ದೀನಲ್ಲ, ಸಾಲದಾ?

ನಿನ್ನೆ ನಿಮ್ಮ ಸ್ನೇಹಿತರು ಬಂದಿದ್ರು, ಬ್ಯಾಂಕಿನ ಕ್ಯಾಷಿಯರ್. ನೀವು ಮಲಗಿದ್ರಿ. ಭಾನುವಾರ ಎಲ್ಲರೂ ಕೆರೆ ಸುತ್ತಿ ಬರ್ತೀವಿ, ಇವರೊಬ್ಬರು ಇಲ್ಲದೇ ಗುಂಪು ಕಳೆಗುಂದಿದೆ, ಸೈಕಲ್ ಯಾವಾಗ ರೆಡಿ ಆಗುತ್ತೆ ಅಂತ ಗೇಟಿನಲ್ಲೇ ಕೇಳಿದ್ರು. ಚೈನು ನೆನೆಸಿದ್ದೀನಿ ಅಂದೆ. ಅದಕ್ಕವರು, ಏನತ್ತಿಗೆ, ತೊಳೆಯೋಕೆ ನೆನೆಸಿದ್ದೀರೋ ಉಪ್ಪಿನಕಾಯಿ ಹಾಕಿದ್ದೀರೋ ಅಂತ... ದೊಡ್ಡ ಹಾಸ್ಯಗಾರರು. ಒಳಗೆ ಬನ್ನಿ ಅನ್ನಲಿಲ್ಲ ನಾನು. ಅವರ ಚಪ್ಪಲಿ ನೋಡಿದ್ದೀರಲ್ಲ.

ಮಗಳದ್ದೂ ಅದೇ ರಾಗ. ಅಮ್ಮಾ, ಮೂಲೆ ಸೈಕಲ್ ಅಂಗಡಿಯವನಿಗೆ ಕೊಡು, ಟೀ ಕುಡಿದು ಮುಗಿಸೋಷ್ಟರಲ್ಲಿ ಹಾಕಿ ಕೊಡ್ತಾನೆ ಅಂತಾಳೆ ಫೋನಿನಲ್ಲಿ. ಕೊಡ್ತಾನೆ, ಇಲ್ಲ ಅನ್ನಲಿಲ್ಲ. ಮೇಲೆಮೇಲೆ ಒರೆಸಿ, ಎಣ್ಣೆ ಸುರಿದು ಕಳಿಸ್ತಾನೆ. ಎಣ್ಣೆ ಸುರಿಯೋದು ಅಂದ್ರೆ ಧೂಳಿಗೆ ಮಣೆ ಹಾಕಿ ಕರೆದ ಹಾಗೆ. ನೀವೇ ಹೇಳಿಕೊಟ್ಟಿದ್ದು ಅದು. ಮೊದಲು ನೆನೆಸು, ಆಮೇಲೆ ಹಲ್ಲುಜ್ಜೋ ಬ್ರಷ್ಷಲ್ಲಿ ಎರಡೂ ಪಕ್ಕ ಉಜ್ಜು, ಕೊಂಡಿ ಬಗ್ಗಿಸಿ ಸಂದಿಯಲ್ಲಿ ಉಜ್ಜು. ಹಿಂದಿನ ಚಕ್ರದ ಹಲ್ಲಿಗೆ ಬಟ್ಟೆಯ ಅಂಚು ತೂರಿಸಿ ಆ ಕಡೆ ಈ ಕಡೆ ಎಳಿ. ಪೂರ್ತಿ ಒಣಗಲಿ. ಒಂದೊಂದು ಕೊಂಡಿಗೆ ಒಂದೊಂದೇ ತೊಟ್ಟು, ಮಿಕ್ಕಿದ್ದನ್ನ ಒರೆಸಿಬಿಡು. ಎಣ್ಣೆ ಇರಬೇಕಾದ್ದು ಒಳಗೆ, ಹೊರಗಲ್ಲ. ಅಷ್ಟು ಚೆನ್ನಾಗಿ ನನಗೆ ಯಾವ ಟೀಚರ್ರೂ ಪಾಠ ಹೇಳಿರಲಿಲ್ಲ. ನಿಮ್ಮ ಎದುರಿಗೆ ಅಂದಿರಲಿಲ್ಲ, ಈಗ ಅಂತಿದ್ದೀನಿ.

ಏನು? ಭಾನುವಾರಕ್ಕೆ ಆಗುತ್ತಾ ಅಂತಾನಾ? ಅದನ್ನ ಚೈನು ಹೇಳಬೇಕು, ನಾನಲ್ಲ.

ಮುಖ ಸಣ್ಣ ಮಾಡ್ಕೋಬೇಡಿ... ಬಸ್ಸಿದೆ. ನಡೆದು ಹೋಗಬಹುದು, ನಾನೂ ಬರ್ತೀನಿ. ಕೆರೆ ದಂಡೆಯಲ್ಲಿ ಕೂತು ಅವರು ಸುತ್ತೋದನ್ನ ನೋಡಿದ್ರೆ ಆಯ್ತು. ಬೇಡವಾ? ಬೇಡ ಅಂದ್ರೆ ಬೇಡ. ನನ್ನ ಜೊತೆ ನಡೆಯೋದು ನಿಮಗೆ ಮೆರವಣಿಗೆ ಹೋದ ಹಾಗೆ ಅನ್ನಿಸುತ್ತೆ ಅಂತ ಗೊತ್ತು.

ಮೊಣಕೈ ತೋರಿಸಿ ನೋಡೋಣ. ಹಕ್ಕಳೆ ಬಿದ್ದಿದೆಯಾ? ಹೂಂ. ಕೆರೀಬೇಡಿ. ನೀವು ಹೋಗಿ ಗುದ್ದಿ ಬಿದ್ರಲ್ಲ, ಆ ತಳ್ಳುಗಾಡಿಯವನನ್ನ ಇನ್ನೂ ಬೈತಿದ್ದೀರಾ ಮನಸ್ಸಿನಲ್ಲಿ? ಪಾಪ, ಅವನೇನು ಮಾಡ್ತಾನೆ. ಎಂದಿನ ಜಾಗದಲ್ಲೇ ನಿಂತಿದ್ದ. ನಾನು ಹೋಗಿ ನೋಡ್ಕೊಂಡು ಬಂದೆ ಮಾರನೇ ದಿನ. ತರಕಾರಿ ತರೋಕೆ ಅಂತ ಹೋದವಳು ಹಾಗೇ ನೋಡಿದೆ, ಅಷ್ಟೆ. ರಸ್ತೆಯ ಎಡಕ್ಕೆ, ಮರದ ಕೆಳಗೆ.

...

ಟೀ ಆರಿಹೋಗುತ್ತೆ. ಕುಡೀರಿ.

ನನಗೆ ಸಾಕಾಗಿದೆ ರೀ. ಸೊಂಟ ಹಿಡ್ಕೊಂಡಿದೆ. ಬೆರಳಿನ ಸಂದಿಯಿಂದ ವಾಸನೆನೇ ಹೋಗಲ್ಲ, ಅನ್ನ ಬಾಯಿಗೆ ಇಟ್ರೂ ಸೀಮೆಎಣ್ಣೆ. ಬೆಳಗ್ಗೆ ಎದ್ದರೆ ಈ ಚೈನಿನ ತಟ್ಟೆ, ಊಟ ಆದ್ರೆ ಈ ತಟ್ಟೆ. ಆದ್ರೂ ಒಂದು ಮಾತು. ಈ ಸವತಿಯ ಹಿಂದಿನ ಚಕ್ರ ಕಿಟಕಿಟ ಅನ್ನುತ್ತಲ್ಲ, ನೀವು ಪೆಡಲ್ ನಿಲ್ಲಿಸಿ ಹಾಗೇ ತೇಲಿ ಬರುವಾಗ... ಔಷಧಿ ಅಂಗಡಿ ತಿರುವಿನಲ್ಲಿ ಶುರುವಾಗೋದು, ಗೇಟಿಗೆ ಬಂದು ನಿಲ್ಲೋದು. ಅದು ಕೇಳಿದ ಮೇಲೆ ಒಲೆ ಹಚ್ತಿದ್ದೆ. ಈಗ ಯಾವಾಗ ಹಚ್ಚಬೇಕು ಅಂತ ತಿಳಿಯಲ್ಲ. ನೀವು ದಿನವಿಡೀ ಮನೆಯಲ್ಲೇ ಇದ್ದೀರಿ, ಆದ್ರೂ ಸಂಜೆ ಆದ್ರೆ ಕಿವಿ ಅಲ್ಲೇ ಹೋಗುತ್ತೆ.

ಅದ್ಯಾಕೆ ಜೇಬು ತಡಕ್ತಿದ್ದೀರಿ? ಕನ್ನಡಕ ಮೂಗಿನ ಮೇಲೇ ಇದೆ.

ಅದು ಇಸ್ತ್ರಿ ಮಾಡಿಟ್ಟಿದ್ದು ರೀ. ಬಿಳೀದು. ಚೈನು ಒರೆಸೋಕೆ ಬನಿಯನ್ ಬಟ್ಟೆ ಇದೆಯಲ್ಲ, ಕರವಸ್ತ್ರ ಯಾಕೆ ಹಾಳು... ಬಿಡಿ. ಚೈನು ಬಿಡಿ. ಒಣಗಿಲ್ಲ ಅಂತ ಎಷ್ಟು ಸಲ ಹೇಳ್ಲಿ?

ನಿಧಾನ. ಪೂರ್ತಿ ಎಳೀಬೇಕಾಗಿಲ್ಲ. ಒಂದು ತುದಿ ನೋಡಿದ್ರೆ ಸಾಕು.

ಬೆಳಕಿಗೆ ಹಿಡಿದು ಏನು ನೋಡ್ತೀರಿ... ಆ ಕಣ್ಣಲ್ಲಿ ಕಾಣಲ್ಲ, ಇನ್ನೂ ಸ್ವಲ್ಪ ಈ ಕಡೆ...

...

ಕರವಸ್ತ್ರ ನನ್ನ ಮಡಿಲಲ್ಲಿ ಯಾಕೆ ಇಟ್ರಿ?

ಏನಾದ್ರೂ ಅನ್ನಿ. ಹೀಗೆ ಸುಮ್ಮನೆ ನಿಂತ್ಕೋಬೇಡಿ. ಮದರ್ ಥರ ನಿಂತ್ಕೋಬೇಡಿ, ನಿಮಗೆ ಕೈಮುಗೀತೀನಿ.

ಸರಿ. ಬಿಳಿಯಾಗಿದೆ. ಇವತ್ತಲ್ಲ, ಹೋದ ವಾರವೇ ಬಿಳಿಯಾಗಿತ್ತು.

ಸುಳ್ಳು ಹೇಳಿಲ್ಲ ನಾನು. ತೊಳೀತಿದ್ದೀನಿ ಅಂದೆ, ತೊಳೀತಿದ್ದೆ. ಒಣಗಿಲ್ಲ ಅಂದೆ, ಒಣಗಿರಲಿಲ್ಲ. ಒಣಗೋಕೆ ಬಂದಾಗೆಲ್ಲ ಮತ್ತೆ ಅದ್ತಿದ್ದೆ. ಸುಳ್ಳು ಹೇಳೋಕೆ ಬರಲ್ಲ ನನಗೆ, ಅದಕ್ಕೇ ಇಷ್ಟು ಉಜ್ಜಿದ್ದು.

ಅವತ್ತು ನಿಮ್ಮನ್ನ ಕತ್ತಲೆ ಕೋಣೆಯಲ್ಲಿ ಕೂರಿಸಿ ಕಣ್ಣಿನ ಪರೀಕ್ಷೆ ಮಾಡ್ತಿದ್ರಲ್ಲ, ಆಗ ಡಾಕ್ಟರಮ್ಮ ನನ್ನನ್ನ ಹೊರಗೆ ಕರೆದ್ರು. ಎಡಗಡೆ ಹೋಗಿರೋ ದೃಷ್ಟಿ ಇನ್ನು ವಾಪಸ್ ಬರಲ್ಲ, ಔಷಧಿ ಇದ್ದಿದ್ದನ್ನ ಉಳಿಸಿಕೊಳ್ಳೋಕೆ ಮಾತ್ರ ಅಂದ್ರು. ಇನ್ನು ಸೈಕಲ್ ಹತ್ತಬಾರದು ಅಂದ್ರು. ನಾನು ಹೇಳ್ಲಾ, ನೀವೇ ಹೇಳ್ತೀರಾ ಅಂತ ಕೇಳಿದ್ರು. ನಮ್ಮ ಮನೆಯವರಿಗೆ ನಾನೇ ಹೇಳ್ತೀನಿ ಅಂದೆ. ತಲೆ ಎತ್ತಿ ಅಂದೆ. ಮನೆಗೆ ಬಂದ್ರೆ ನೀವು ಗೇಟಿನಲ್ಲೇ ನಿಂತು ಟೈರಿಗೆ ಗಾಳಿ ಇದೆಯಾ ಅಂತ ಒತ್ತಿ ನೋಡ್ತಿದ್ರಿ. ನನ್ನ ಬಾಯಲ್ಲಿ ಬಂದಿದ್ದು, ಚೈನು ಗಲೀಜಾಗಿದೆ, ಬಿಚ್ಚಿಕೊಡಿ ಅಂತ.

ಕೈಯಲ್ಲಾಗುತ್ತೆ ಅಂದ್ಕೊಂಡೆ. ಬಾಯಲ್ಲಿ ಆಗದೇ ಇದ್ದಿದ್ದು.

ಬೈರಿ. ಬೈಯೋ ಹಕ್ಕಿದೆ ನಿಮಗೆ.

...

ಯಾಕೆ ರೀ ಹಾಗೆ ನೋಡ್ತಿದ್ದೀರಿ? ನಿಮಗೆ ಆಶ್ಚರ್ಯನೇ ಆಗಿಲ್ಲ.

ಅಲ್ಲ... ಇರಿ. ಚೈನಿನ ಎರಡು ತುದಿ ಕೂಡಿಸೋ ಲಾಕ್ ಎಲ್ಲಿ ಅಂತ ನೀವು ಇಷ್ಟು ದಿನದಲ್ಲಿ ಒಂದು ಸಲಾನೂ ಕೇಳಲಿಲ್ಲ. ನಾನು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟು, ಕೇಳಿದ್ರೆ ಏನಪ್ಪಾ ಹೇಳಲಿ ಅಂತ ಹೆದರ್ತಾ ಇದ್ದೆ. ಮೂಲೆ ಅಂಗಡಿಯಲ್ಲಿ ಹೊಸ ಲಾಕ್ ಸಿಗುತ್ತೆ, ನೀವು ಕಣ್ಣುಮುಚ್ಚಿಕೊಂಡು ಹಾಕ್ತೀರಿ. ಸ್ಟೂಲ್ ಬಲಗಡೆ, ಟೀ ಬಲಗಡೆ, ಊಟದ ತಟ್ಟೆ ಬಲಗಡೆ... ಎಲ್ಲ ಯಾಕೆ ಆ ಕಡೆ ಹೋಯ್ತು ಅಂತಾನೂ ಕೇಳಲಿಲ್ಲ. ಪ್ರತಿದಿನ ಬಂದು ಇಲ್ಲಿ ಕೂತು, ಭಾನುವಾರಕ್ಕೆ ಆಗುತ್ತಾ ಅಂತ ಮಾತ್ರ ಕೇಳಿದ್ರಿ.

ಎಲ್ಲ ಗೊತ್ತಿದ್ದೂ ನನಗೋಸ್ಕರ ಕೇಳ್ತಿದ್ರಾ?

...

ಇದೇನು ಮಾಡ್ತಿದ್ದೀರಿ? ರೀ, ಚೈನನ್ನ ಮತ್ತೆ ಸೀಮೆಎಣ್ಣೆಗೆ ಯಾಕೆ ಹಾಕಿದ್ರಿ? ಅದು ಬಿಳಿಯಾಗಿದೆ, ಇಬ್ಬರೂ ನೋಡಿದ್ವಲ್ಲ. ಬ್ರಷ್ ಕೊಡಬೇಕಾ? ಎಡಗಡೆ... ಇಲ್ಲ, ನಾನು ತೆಗೆದುಕೊಡ್ತೀನಿ ತಾಳಿ.

ತಗೊಳ್ಳಿ. ಆ ತುದಿಯಿಂದ ನೀವು ಉಜ್ಜಿ, ಈ ತುದಿಯಿಂದ ನಾನು ಉಜ್ತೀನಿ. ತೋಳು ಮಡಿಸಿ ಮೊದಲು. ಸಂದಿ ಬಿಡಬೇಡಿ.