ಡಬ್ಬಿಯ ಮೇಲಿನ ಇಂಗ್ಲಿಷ್ ವಿಷ

"ಹಲೋ... ಹಾಂ, ಯಾರ್ರೀ ಮಾತಾಡೋದು?... ದುರುಗೇಶ? ಯಾವ ದುರುಗೇಶ?... ಟ್ರಾಫಿಕ್ ಪೊಲೀಸಾ?"

ಸಿಂಧನೂರಿನ ಸೀರೆ ಅಂಗಡಿಯಿಂದ ಹೊರಬಂದ ಸಂಘಮಿತ್ರಾಗೆ ತಾನು ಸ್ಕೂಟಿ ನಿಲ್ಲಿಸಿದ್ದ ಜಾಗದಲ್ಲಿ ಎಮ್ಮೆಯೊಂದು ಮಲಗಿದ್ದು ಕಂಡಿತ್ತು. ಅದರ ಸುತ್ತ ಎರಡು ಸಲ ತಿರುಗಿ ಹುಡುಕುವಷ್ಟರಲ್ಲಿ ಈ ಫೋನು.

"ನನ್ನ ಗಾಡಿ ಏನಾಗೇತಿ?... ಟೌನಾ? ಗಾಡಿ ಹೆಂಗ ಟೌನ್ ಆಗ್ತೈತ್ರೀ? ನಾನೂ ಟೌನ್‌ನಾಗೇ ನಿಂತೀನಿ..."

...

"ಟೌನ್ ಅಲ್ಲ, ಟೋ?... ಟೋ ಅಂದ್ರ?... ಎಳಕೊಂಡು ಹೋಗೋದಾ? ಅಯ್ಯ, ಹಂಗಂತ ಮೊದಲೇ ಹೇಳಬಾರದೇನ್ರೀ!... ಆಯ್ತು, ಬಂದು ಬಿಡಿಸ್ಕೊಂತೀನಿ. ಅಲ್ಲಾ, ನನ್ನ ನಂಬರ್ ಹೆಂಗ ಸಿಕ್ತು ನಿಮಗ?"

...

"ಡಬ್ಬಿ ಮ್ಯಾಲಾ? ಗಾಡ್ಯಾಗಿನ ಊಟದ ಡಬ್ಬಿಗೆ ಯಾಕ ಕೈ ಹಾಕಿದ್ರೀ?... ಹಾಂ? ಯಾರು ತಿಂದಾರ?... ಪಂಪಣ್ಣ ಯಾರು?... ಗಾಡಿ ಎತ್ತಿ ಹಾಕಾಂವಾ? ಎಷ್ಟು ತಿಂದಾನ?"

ಆ ಡಬ್ಬಿಯಲ್ಲಿದ್ದದ್ದು ಶೇಂಗಾ ಹೋಳಿಗೆ, ತುರ್ವಿಹಾಳದ ಅಕ್ಕ ಪೀರಮ್ಮನಿಗಾಗಿ ಬೆಳಗ್ಗೆ ಮಾಡಿದ್ದು. ಡಬ್ಬಿ ಮಾತ್ರ ದಿನಾ ಮಸ್ಕಿಯ ಕಚೇರಿಗೆ ಒಯ್ಯುವಂಥದು. ಅಲ್ಲಿ ಪಕ್ಕದ ಮೇಜಿನ ಕನಕರಾಜ ಯಾರ ಊಟವನ್ನೂ ಬಿಡುವವನಲ್ಲ. ಅವನ ಕಾಟಕ್ಕೆ ಬೇಸತ್ತು ಸಂಘಮಿತ್ರಾ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ಟಾಕ್ಸಿಕ್' ಎಂದು ಬರೆದು, ಡಬ್ಬಿ ಕಳೆದರೆ ಸಿಗಲಿ ಎಂದು ಕೆಳಗೆ ತನ್ನ ನಂಬರನ್ನೂ ಹಾಕಿದ್ದಳು.

"ಹೌದ್ರೀ, ನಾನೇ ಬರದೀನಿ. ಟಾಕ್ಸಿಕ್ ಅಂದ್ರ ವಿಷ, ಖರೆ. ಆದ್ರ ಒಳಗ ವಿಷ ಇಲ್ಲ!... ಊಟದ ಡಬ್ಬಿ ಮ್ಯಾಲ ಕನ್ನಡದಾಗ ವಿಷ ಅಂತ ಬರಿಯಾಕ ಮನಸ್ಸಾಗಲಿಲ್ರೀ, ಅದಕ್ಕ ಇಂಗ್ಲಿಷ್‌ನಾಗ..."

...

"ಬಾಯಾಗ ನೊರಿ ಬಂದೈತಾ?"

ಸಂಘಮಿತ್ರಾ ಗಾಬರಿಯಿಂದ ಮುಂಜಾನೆಯ ಅಡುಗೆಯನ್ನೆಲ್ಲ ನೆನೆದಳು. ಶೇಂಗಾದಲ್ಲೇನಾದರೂ ಬಿದ್ದಿತ್ತೇ? ತಾನೇ ಮುಂಜಾನೆ ಎರಡು ತಿಂದಿದ್ದಳಲ್ಲ! ಕೈ ತಂತಾನೆ ಹೊಟ್ಟೆಯ ಮೇಲೆ ಹೋಯಿತು.

"ನೊರಿ ಯಾಕ ಬಂತು? ಏನು ಕುಡಿಸೀರಿ?... ವಾಂತಿ ಮಾಡಸಾಕ ಸಬಕಾರದ ನೀರಾ? ಅಯ್ಯೋ ನಿಮ್ಮ! ಸಬಕಾರ ಕುಡಿಸಿದ್ರ ನೊರಿ ಬರಲಾರದ ಏನು ಬರ್ತೈತ್ರೀ? ನಿಲ್ಲಸ್ರಿ ಮೊದಲು! ಬಾಯಿ ತೊಳಿಸಿ ದವಾಖಾನಿಗೆ ಕರಕೊಂಡು ಹೋಗ್ರಿ. ಹೋಳಿಗಿಗಲ್ಲ, ಸಬಕಾರಕ್ಕ!"

...

"ಏನಂತಾನ?... ಹೆಂಡ್ತಿಗೆ ಹೇಳ್ರಿ ಅಂತಾನಾ? ಏನು ಹೇಳಬೇಕಂತ?... ಹಿಂಗ ಹೋಳಿಗಿ ಮಾಡೋದು ಕಲಿ ಅಂತಾನಾ?"

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. ಸಾಯಲು ಹೊರಟವನ ಮೆಚ್ಚುಗೆ ಎಂದರೆ ಸುಮ್ಮನೆಯೇ?

"ಪಂಪಣ್ಣಗ ಫೋನ್ ಕೊಡ್ರಿ... ಹಲೋ, ಅಣ್ಣಾರ, ಹೆದರಬ್ಯಾಡ್ರಿ. ಬರೇ ಶೇಂಗಾ, ಬೆಲ್ಲ, ಯಾಲಕ್ಕಿ. ಮುಂಜಾನಿ ನಾನೇ ಎರಡು ತಿಂದೀನಿ, ಗಟ್ಟಿಮುಟ್ಟಾಗಿ ನಿಂತು ಮಾತಾಡಾಕತ್ತೀನಿ, ಹೌದಲ್ಲೋ?... ಎದ್ದು ಕುಂತ್ರಾ? ಸದ್ಯ! ಮೊದಲು ದವಾಖಾನಿಗೆ ನಡೀರಿ."

ಅವಳು ಕೈಬೀಸಿ ಆಟೋ ನಿಲ್ಲಿಸಿ ಹತ್ತಿದಳು. ಫೋನಿನ ಆಚೆ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ, ಹಿಂದೆಯೇ ನಾಲ್ಕಾರು ಜನರ ಗದ್ದಲ ಕೇಳಿತು.

"ಹಲೋ, ದುರುಗೇಶ? ಏನದು ಸಪ್ಪಳ?... ವಿಷ ಇಲ್ಲ ಅಂದಮ್ಯಾಲ ಎಲ್ಲಾರಿಗೂ ಒಂದೊಂದಾ?... ಬ್ಯಾಡ್ರೀ, ನಮ್ಮಕ್ಕಗ ಮಾಡಿದ್ದು ಅವು!... ಎಷ್ಟು ಉಳದಾವ?... ಎರಡಾ?... ಹಲೋ! ವಿಷ ಐತ್ರೀ ಅದರಾಗ! ಖರೇನ ವಿಷ! ಆಣೆ ಮಾಡಿ ಹೇಳ್ತೀನಿ, ಮುಟ್ಟಬ್ಯಾಡ್—"

ಫೋನು ಕಟ್ಟಾಯಿತು.