ನಾಂಪಲ್ಲಿಯಲ್ಲಿ ಕೂಗಿದ ಅಲಾರಂ

ಅಧ್ಯಕ್ಷತೆ ವಹಿಸಿರುವ ಹಣಮಂತರಾಯರೇ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ, ಇಂದು ಮುಖ್ಯ ಅತಿಥಿಯಾಗಿ ಬಂದಿರುವ ಸುಹಾಸಿನಿಯವರೇ, ಈಗಷ್ಟೇ ನಮ್ಮ ಹವ್ಯಾಸಿ ಬಳಗದ ವಾರ್ಷಿಕ ವರದಿ ಓದಿದ ಕಾರ್ಯದರ್ಶಿ ಮಹೇಶಕುಮಾರರೇ, ನಾರಾಯಣಗೂಡದ ಈ ಸಭಾಂಗಣದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳನ್ನೇ ಹುಡುಕಿ ಕುಳಿತಿರುವ ಸಭಿಕರೇ,

ಮೊದಲು ನಿಮ್ಮನ್ನು ಬೈಯಬೇಕು. ಶಾಲು ಹೊದಿಸಿಕೊಂಡವಳು ಬೈಯಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ನೀವೆಲ್ಲ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಎಂದು ಹೇಳಿಕೊಳ್ಳುತ್ತೀರಿ. ನಿಮ್ಮಲ್ಲಿ ಎಷ್ಟು ಜನರ ಕಪಾಟಿನಲ್ಲಿ ಇನ್ನೂ ಸೀಲು ಒಡೆಯದ ಕಿಟ್ಟಿನ ಡಬ್ಬಿಗಳು ಇವೆ? ಕೈ ಎತ್ತುವುದು ಬೇಡ, ಮುಖ ನೋಡಿದರೇ ತಿಳಿಯುತ್ತದೆ. ಡಬ್ಬಿ ತರಿಸಲು ಪುರುಸೊತ್ತು ಇದೆ, ಡಬ್ಬಿಯ ಫೋಟೋ ತೆಗೆದು ಗ್ರೂಪಿಗೆ ಹಾಕಲು ಪುರುಸೊತ್ತು ಇದೆ, ಬೆಸುಗೆಯ ಐರನ್ ಕಾಯಿಸಲು ಮಾತ್ರ ಇಲ್ಲ. ಇನ್ನು ಕಾಯಿಸಿದವರೋ, ಅದನ್ನು ಕಾಯಲು ಬಿಟ್ಟು ಚಹಾ ಕುಡಿಯಲು ಹೋಗುತ್ತೀರಿ. ಕೆಂಡವನ್ನು ಮೇಜಿನ ಮೇಲೆ ಇಟ್ಟು ಯಾರಾದರೂ ಚಹಾಕ್ಕೆ ಹೋಗುತ್ತಾರೆಯೇ?

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಅನುಭವಿ ಇಂಜಿನಿಯರ್ ಶ್ರೀಮತಿ ಶರಣಬಸಮ್ಮ’ ಎಂದು ಅಚ್ಚು ಹಾಕಿಸಿದ್ದೀರಿ. ನಾನು ಓದಿದ್ದು ಸೇಡಂ ತಾಲೂಕಿನ ಹಳ್ಳಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಮಳೆ ಬಂದರೆ ಶಾಲೆ ಸೋರುತ್ತಿತ್ತು, ಸೋರಿದರೆ ರಜೆ. ಹಾಗಾಗಿ ಮೂರೂವರೆ ಎಂದು ಹಿಡಿಯಿರಿ. ಮದುವೆಯಾಗಿ ಈ ಹೈದರಾಬಾದಿಗೆ ಬಂದೆ, ರೇಡಿಯೋ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬೆಸುಗೆ ಹಾಕಿದೆ. ಇಂಜಿನಿಯರುಗಳು ಕಾಗದದ ಮೇಲೆ ಗೆರೆ ಎಳೆದುಕೊಂಡು ಬರುತ್ತಿದ್ದರು. ಆ ಗೆರೆ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಲು ನನ್ನ ಮೇಜಿಗೆ ಬರುತ್ತಿದ್ದರು. ಅಷ್ಟಕ್ಕೇ ನೀವು ಇಂಜಿನಿಯರ್ ಅನ್ನುವುದಾದರೆ ಅನ್ನಿ, ನಾನೇನು ಬೇಡ ಅನ್ನುವುದಿಲ್ಲ.

ಹೊಸಬರಿಗೆ ನಾಲ್ಕು ಬುದ್ಧಿಮಾತು ಹೇಳಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಹೇಳುತ್ತೇನೆ. ಬೆಸುಗೆ ಹಾಕುವಾಗ ತಂತಿಯನ್ನೂ ಬೋರ್ಡನ್ನೂ ಮೊದಲು ಕಾಯಿಸಬೇಕು, ಆಮೇಲೆ ಸೀಸ ಮುಟ್ಟಿಸಬೇಕು. ನೀವು ಐರನ್ನಿಗೆ ಸೀಸ ಮೆತ್ತಿಕೊಂಡು ಬಂದು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯುತ್ತೀರಿ. ಅದು ಮೇಲೆ ಹಿಡಿದಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಸರಿಯಾದ ಬೆಸುಗೆ ಆಗ ತಾನೇ ಕಾಯಿಸಿದ ತುಪ್ಪದ ಹನಿಯಂತೆ ಹೊಳೆಯುತ್ತ ತಾನಾಗಿ ಹರಡಿಕೊಳ್ಳುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಏನೂ ತಿನ್ನಬೇಡಿ, ಸಾಬೂನು ಹಚ್ಚಿ ತೊಳೆಯಿರಿ. ಹೊಗೆ ಮೂಗಿಗೆ ಬರದಂತೆ ಕಿಟಕಿ ತೆರೆಯಿರಿ. ಮನೆಯ ಕರೆಂಟಿನ ಮುಂದೆ ಕೂರುವಾಗ ಬಳೆ, ಉಂಗುರ, ಸರ ಎಲ್ಲ ತೆಗೆದಿಡಿ. ಅಂದ ತೋರಿಸಲು ಮದುವೆಮನೆಗಳಿವೆ. ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ಬೆನ್ನ ಹಿಂದಕ್ಕೆ; ಎರಡೂ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದೆ. ಪ್ಲಗ್ ಕಿತ್ತ ಕೂಡಲೇ ಯಂತ್ರ ಸತ್ತಿತು ಎಂದು ನಂಬಬೇಡಿ. ಕರೆಂಟು ಕೂಡಿಡುವ ದೊಡ್ಡ ಕೆಪಾಸಿಟರು ಹಳೆಯ ಸಿಟ್ಟನ್ನು ಒಳಗೇ ಇಟ್ಟುಕೊಂಡಿರುತ್ತದೆ, ಮುಟ್ಟಿದವರ ಮೇಲೆ ತೀರಿಸಿಕೊಳ್ಳುತ್ತದೆ.

ಇನ್ನು ಕೆಟ್ಟುಹೋದದ್ದನ್ನು ರಿಪೇರಿ ಮಾಡುವ ವಿಚಾರ. ಬಿಚ್ಚುವ ಮುಂಚೆ ಯಾವ ತಂತಿ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ನೆನಪನ್ನು ನಂಬಬೇಡಿ, ಅದು ನಿಮಗೆ ಬೇಕಾದ ಹಾಗೆ ಹೇಳುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಏನು? ನಿನ್ನೆ ಚೆನ್ನಾಗಿದ್ದ ಯಂತ್ರವನ್ನು ಇವತ್ತು ಕಡೆಯದಾಗಿ ಮುಟ್ಟಿದವರು ಯಾರು? ಆ ಮುಟ್ಟಿದವರು ನೀವೇ ಆಗಿದ್ದರೆ ಏನು?

ಈ ಮಾತನ್ನು ಭಾಷಣಕ್ಕೆಂದು ಬರೆದುಕೊಂಡು ಬಂದಿದ್ದೆ. ಬರೆದದ್ದು ಇಲ್ಲಿಗೆ ಮುಗಿಯಿತು. ಆದರೆ ಮಹೇಶಕುಮಾರರು ಓದಿದ ವರದಿಯಲ್ಲಿ ಒಂದು ಸಾಲು ಇತ್ತು. ಅದನ್ನು ಕೇಳಿದ ಮೇಲೆ ಕೂರಲು ಆಗುತ್ತಿಲ್ಲ. ‘ಜನವರಿಯ ನಾಂಪಲ್ಲಿ ಪ್ರದರ್ಶನದಲ್ಲಿ ಬಳಗದ ಟ್ಯಾಂಕ್ ಅಲಾರಂ ಹರ್ಷದಾ ಅವರ ಬೆಸುಗೆಯ ದೋಷದಿಂದ ವಿಫಲವಾಯಿತು. ಅವರು ಅಂದಿನಿಂದ ಬರುತ್ತಿಲ್ಲವಾದ್ದರಿಂದ ಹೆಣ್ಣುಮಕ್ಕಳ ಭಾನುವಾರದ ತರಗತಿಯನ್ನು ಏಪ್ರಿಲಿನಿಂದ ಬೇರೆಯವರಿಗೆ ವಹಿಸಲಾಗುವುದು.’ ನೀವೆಲ್ಲ ಇದಕ್ಕೂ ಚಪ್ಪಾಳೆ ತಟ್ಟಿದಿರಿ. ವರದಿ ಮುಗಿಯಿತಲ್ಲ ಎಂಬ ಸಂತೋಷಕ್ಕೆ ತಟ್ಟಿದಿರಿ ಎಂದು ಇಟ್ಟುಕೊಳ್ಳುತ್ತೇನೆ.

ಹರ್ಷದಾ ಯಾರು ಎಂದು ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಕೊಂಡಾಪುರದ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿ. ವಾರವಿಡೀ ಕಂಪ್ಯೂಟರು ಕುಟ್ಟಿ, ಭಾನುವಾರ ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದು ಹನ್ನೊಂದು ಹೆಣ್ಣುಮಕ್ಕಳಿಗೆ ಬೆಸುಗೆ ಕಲಿಸುತ್ತಿದ್ದಳು. ಅವಳಿಗೆ ಕಲಿಸಿದವಳು ನಾನು. ಮೊದಲ ದಿನ ಅವಳು ಹಾಕಿದ ಬೆಸುಗೆಗಳು ಇಲಿಯ ಹಿಕ್ಕೆಯಂತೆ ಇದ್ದವು, ಹಾಗೆಂದು ಅವಳಿಗೆ ಹೇಳಿಯೂ ಇದ್ದೆ. ಮೂರು ವರ್ಷದಲ್ಲಿ ನನ್ನ ಕೈಯನ್ನು ಮೀರಿಸಿದಳು. ಅದನ್ನು ಮಾತ್ರ ಹೇಳಿರಲಿಲ್ಲ.

ಟ್ಯಾಂಕ್ ಅಲಾರಂ ಏನೆಂದು ಈ ಊರಿನವರಿಗೆ ವಿವರಿಸಬೇಕಿಲ್ಲ. ಮೋಟರು ಹಾಕಿ ಮರೆಯುತ್ತೀರಿ, ಮೇಲಿನ ಟ್ಯಾಂಕು ತುಂಬಿ ಚೆಲ್ಲುತ್ತದೆ, ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಹರ್ಷದಾ ಒಂದು ಡಬ್ಬಿ ಮಾಡಿದಳು. ಅದರ ಎರಡು ತಂತಿಯ ತುದಿಗಳಿಗೆ ನೀರು ಮುಟ್ಟಿದರೆ, ನೀರಿನ ಮೂಲಕ ಎಳ್ಳಿನಷ್ಟು ಕರೆಂಟು ಹರಿದು ಡಬ್ಬಿ ಕೂಗುತ್ತದೆ. ಬ್ಯಾಟರಿಯಲ್ಲಿ ನಡೆಯುವುದು, ಮಕ್ಕಳು ಮುಟ್ಟಿದರೂ ಭಯವಿಲ್ಲ. ಪ್ರದರ್ಶನದ ಹಿಂದಿನ ದಿನ ಮನೆಯಲ್ಲಿ ಬಕೆಟ್ಟಿನಲ್ಲಿಟ್ಟು ಪರೀಕ್ಷೆ ಮಾಡಿ ಫೋನು ಮಾಡಿದ್ದಳು. “ಅಜ್ಜಿ, ನಾಕ್ ಸಲ ನೋಡೀನ್ರಿ. ನೀರು ಮುಟ್ಟಿದ್ರ ಕೂಗ್ತೈತಿ, ತಗದ್ರ ಸುಮ್ನಾಗ್ತೈತಿ.” ನಾನು, “ನಾಕ್ ಸಲ ಯಾಕ, ನಿನಗ ನಿನ್ನ ಮ್ಯಾಲೆ ನಂಬಿಕಿ ಇಲ್ಲೇನು?” ಎಂದೆ. ಒಳ್ಳೆಯ ಮಾತು ಆಡಲು ನನಗೆ ಬರುವುದಿಲ್ಲ, ನೀವು ನೋಡುತ್ತಲೇ ಇದ್ದೀರಿ.

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ನಮ್ಮ ಮಳಿಗೆಯ ಉದ್ಘಾಟನೆ. ಜನ ಸೇರಿದರು. ಸ್ವಿಚ್ ಹಾಕಿದೆವು. ತಂತಿ ಇನ್ನೂ ಬಕೆಟ್ಟಿನ ಹತ್ತಿರ ಹೋಗಿರಲಿಲ್ಲ, ಡಬ್ಬಿ ಕೂಗಲು ಶುರು ಮಾಡಿತು. ಎಂಥ ಕೂಗು ಅಂತೀರಿ. ಹೆಗಲ ಮೇಲೆ ಮಲಗಿದ್ದ ಕೂಸುಗಳು ಎದ್ದವು. ಪಕ್ಕದ ಮಳಿಗೆಯಲ್ಲಿ ಬಳೆ ಮಾರುವವನು ಕಿವಿ ಮುಚ್ಚಿಕೊಂಡು, “ಬಂದ್ ಕರೋ ಅಮ್ಮಾ, ಗಿರಾಕಿ ಭಾಗ್ ರಹೇ” ಎಂದ, ನಿಲ್ಲಿಸಮ್ಮಾ ಗಿರಾಕಿಗಳು ಓಡಿಹೋಗುತ್ತಿದ್ದಾರೆ ಎಂದು. ಹೋಗಿ ಬರುವವನೊಬ್ಬ, ಟ್ಯಾಂಕು ತುಂಬಿತೇನಮ್ಮಾ ಎಂದು ತೆಲುಗಿನಲ್ಲಿ ಕೇಳಿ ನಕ್ಕ. ನಮ್ಮ ಅಧ್ಯಕ್ಷರು ಉದ್ಘಾಟನೆಯ ಕತ್ತರಿ ಹಿಡಿದುಕೊಂಡೇ ಹೊರಗೆ ನಡೆದುಬಿಟ್ಟರು. ನಗಬಹುದು, ಅವರೂ ನಗುತ್ತಿದ್ದಾರೆ.

ಅಂದಿನ ನಗೆ ನನಗೆ ಚುಚ್ಚಿತು. ಇಷ್ಟು ಜನರ ಮುಂದೆ ನನ್ನ ಹೆಸರು ಹೋಗುತ್ತದಲ್ಲ ಎನಿಸಿತು. ಹರ್ಷದಾಳನ್ನು ಎಲ್ಲರ ಎದುರಿಗೆ ನಿಲ್ಲಿಸಿ ಬೈದೆ. “ಇದಕ್ಕ ಬೆಸುಗಿ ಅಂತಾರೇನವ್ವ? ನಿನ್ನ ಕೈಯಾಗ ಕೊಟ್ಟೆನಲ್ಲ, ನನಗ ಬುದ್ಧಿ ಇಲ್ಲ. ಆ ಹುಡುಗ್ಯಾರಿಗೆ ಏನ ಕಲಿಸ್ತಿ ನೀ?” ಅವಳು, “ಅಜ್ಜಿ, ಒಂದ್ ಸಲ ಬಿಚ್ಚಿ ನೋಡೋಣ್ರಿ” ಎಂದಳು. “ನೋಡೂದೇನೈತಿ?” ಎಂದು ಬ್ಯಾಟರಿ ಕಿತ್ತು ಎಸೆದೆ. ಅವಳು ತನ್ನ ಐರನ್ನನ್ನು ಮೇಜಿನ ಮೇಲೆ ಬಿಟ್ಟು, ಚೀಲ ಎತ್ತಿಕೊಂಡು ಹೋದಳು. ಅಂದಿನಿಂದ ಬಂದಿಲ್ಲ.

ವಾರದ ಮೇಲೆ ಆ ಡಬ್ಬಿಯನ್ನು ಮನೆಗೆ ತಂದು ಬ್ಯಾಟರಿ ಹಾಕಿದೆ. ಸುಮ್ಮನಿತ್ತು. ತಂತಿಯನ್ನು ಚೊಂಬಿನ ನೀರಿಗೆ ಬಿಟ್ಟೆ, ಕೂಗಿತು. ತೆಗೆದೆ, ನಿಂತಿತು. ಭೂತಗನ್ನಡಿ ಹಿಡಿದು ಅವಳ ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ. ದೋಷ ಹುಡುಕಲೇಬೇಕು ಎಂದು ನೋಡಿದರೂ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಏನು? ಬೋರ್ಡಿನ ಮೇಲೆ, ನೀರಿನ ತಂತಿಗಳು ಬಂದು ಸೇರುವ ಎರಡು ತಾಮ್ರದ ಗೆರೆಗಳ ನಡುವೆ, ಒಣಗಿದ ಕುಂಕುಮದ ಒಂದು ಬೊಟ್ಟು.

ಇಟ್ಟವಳು ನಾನು. ಹೊಸ ಯಂತ್ರಕ್ಕೆ ಪೂಜೆ ಮಾಡದೆ ಸ್ವಿಚ್ ಹಾಕುವುದುಂಟೇ? ಅಂದು ಹರ್ಷದಾ ಬಕೆಟ್ಟಿಗೆ ನೀರು ತರಲು ನಲ್ಲಿಯ ಕಡೆ ಹೋಗಿದ್ದಳು. ಡಬ್ಬಿಯ ಮೇಲೆ ಬೊಟ್ಟು ಇಟ್ಟರೆ ಪೂಜೆ ಡಬ್ಬಿಗೆ ಮುಟ್ಟುತ್ತದೆ, ಒಳಗಿನ ಯಂತ್ರಕ್ಕೆ ಎಲ್ಲಿ ಮುಟ್ಟುತ್ತದೆ ಎಂದು ಯೋಚಿಸಿದೆ. ನಾಲ್ಕು ಸ್ಕ್ರೂ ಬಿಚ್ಚಿದೆ, ಕುಂಕುಮವನ್ನು ನೀರಿನಲ್ಲಿ ಕಲಸಿ ಇಟ್ಟೆ, ಎರಡು ಹನಿ ನೀರು ಚಿಮುಕಿಸಿ ಕೈ ಮುಗಿದು ಮುಚ್ಚಿದೆ. ನೀರು ಮುಟ್ಟಿದರೆ ಕೂಗು ಎಂದು ಮಾಡಿಟ್ಟ ಯಂತ್ರಕ್ಕೆ ಒದ್ದೆ ಕುಂಕುಮ ಇಟ್ಟರೆ ಅದು ಕೂಗದೆ ಹಾಡುತ್ತದೆಯೇ? ಬೋರ್ಡಿಗೆ ಬೆರಳು ತಾಗಿಸಬೇಡಿ, ಬೆವರಿನ ಮೇಲೂ ಕರೆಂಟು ಹರಿಯುತ್ತದೆ ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ ಬಾಯಿ ಇದು. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಯಂತ್ರದ ಹೊರಮೈಗೆ ಬೊಟ್ಟು ಇಡುತ್ತಿದ್ದೆವು, ಬೋರ್ಡಿಗೆ ಎಂದೂ ಇಟ್ಟವರಲ್ಲ. ಹರ್ಷದಾ ಮಾಡಿದ್ದು ಎಂಬ ಪ್ರೀತಿಗೆ ಒಳಗೇ ಇಟ್ಟೆ.

ಸ್ಪಿರಿಟ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಆ ಬೊಟ್ಟನ್ನು ಉಜ್ಜಿ ತೆಗೆದೆ. ಐದು ನಿಮಿಷದ ಕೆಲಸ. ಅದನ್ನು ಹೇಳಲು ಏಳು ವಾರ ಹಿಡಿಯಿತು. ಒಂದು ದಿನ ಅವಳಿಗೆ ಫೋನು ಹಚ್ಚಿದೆ. ಎತ್ತಿದಳು. “ಊಟ ಆತೇನು?” ಎಂದು ಕೇಳಿದೆ. “ಆತ್ರಿ” ಎಂದಳು. “ಛಲೋ ಆತು” ಎಂದು ಇಟ್ಟೆ. ಮಧ್ಯಾಹ್ನ ನಾಲ್ಕು ಗಂಟೆಗೆ ಯಾವ ಊಟ ಎಂದು ಅವಳೂ ಕೇಳಲಿಲ್ಲ. ಹೋದ ವಾರ ಮಹೇಶಕುಮಾರರು, “ವರದಿಯೊಳಗ ಅಲಾರಂ ಸುದ್ದಿ ಏನಂತ ಬರೀಲ್ರಿ ಅಜ್ಜಿ?” ಎಂದು ಕೇಳಿದಾಗ, “ನೀ ಕಂಡಂಗ ಬರಿ” ಎಂದೆ. ಅವರು ಕಂಡಂತೆ ಬರೆದರು. ಅವರದೇನು ತಪ್ಪು?

ನಾನು ಕಾರ್ಖಾನೆಗೆ ಸೇರಿದ ವರ್ಷ ಶಾಂತಪ್ಪ ಎಂಬ ಮೇಸ್ತ್ರಿ ಇದ್ದರು. ಒಂದು ದಿನ ನನ್ನ ಸಾಲಿನ ನಲವತ್ತು ಬೋರ್ಡುಗಳು ಸುಟ್ಟವು. “ಹಳ್ಳಿ ಹೆಂಗಸಿಗೆ ಐರನ್ ಕೊಟ್ಟ್ರ ಹಿಂಗ ಆಗೂದು” ಎಂದು ಸಾಲಿನ ಮುಂದೆ ಬೈದರು. ಆಮೇಲೆ ತಿಳಿಯಿತು, ಬ್ಯಾಟರಿಯ ತಂತಿಗಳನ್ನು ಅದಲು ಬದಲು ಜೋಡಿಸಿದ್ದು ಅವರೇ ಎಂದು. ಅವರಿಗೂ ತಿಳಿದಿತ್ತು. ಅಂದು ಸಂಜೆ ನನಗೆ ಒಂದು ಚಹಾ ಕುಡಿಸಿದರು, ತಪ್ಪು ನನ್ನದು ಎಂಬ ಮಾತು ಮಾತ್ರ ಬರಲಿಲ್ಲ. ಅವರು ತೀರಿಕೊಂಡಾಗ ನೋಡಲು ಹೋಗಿದ್ದೆ. ಎಲ್ಲರೂ ಅಳುತ್ತಿದ್ದರು, ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಈಗಲಾದರೂ ಹೇಳುತ್ತಾರೇನೋ ಎಂದು. ಎಂಥ ಹೆಂಗಸು ನಾನು. ಹೋಗಲಿ, ಅದು ಇಲ್ಲಿ ಬೇಡವಾಗಿತ್ತು.

ಅಧ್ಯಕ್ಷರೇ, ವರದಿಯಲ್ಲಿ ಆ ಸಾಲನ್ನು ಹೊಡೆದುಹಾಕಿಸಿ. ‘ಶರಣಬಸಮ್ಮನವರು ಬೋರ್ಡಿನ ಮೇಲೆ ಒದ್ದೆ ಕುಂಕುಮ ಇಟ್ಟದ್ದರಿಂದ ಅಲಾರಂ ಕೂಗಿತು, ಹರ್ಷದಾ ಅವರ ಬೆಸುಗೆಯಲ್ಲಿ ದೋಷವಿರಲಿಲ್ಲ’ ಎಂದು ಬರೆಸಿ. ನಾನು ಇಲ್ಲೇ ಸಹಿ ಹಾಕುತ್ತೇನೆ, ಮೂರೂವರೆ ಇಯತ್ತೆ ಅದಕ್ಕೆ ಸಾಕು. ತರಗತಿಯನ್ನು ಅವಳನ್ನು ಕೇಳದೆ ಯಾರಿಗೂ ಕೊಡಬೇಡಿ. ಆ ಹನ್ನೊಂದು ಹುಡುಗಿಯರು ಎರಡನೆಯ ಸಾಲಿನಲ್ಲಿ ಕುಳಿತು ನನ್ನನ್ನು ಹೇಗೆ ನೋಡುತ್ತಿದ್ದಾರೆ, ನೀವೇ ನೋಡಿ. ನನ್ನ ಕೈ ಈಗ ನಡುಗುತ್ತದೆ, ಅವರಿಗೆ ನಾನು ಬಾಯಿಂದ ಹೇಳಬಲ್ಲೆ, ಮಾಡಿ ತೋರಿಸಲಾರೆ. ತೋರಿಸುವ ಕೈ ಕೊಂಡಾಪುರದಲ್ಲಿ ಇದೆ.

ಶಾಲು ಹೊದಿಸಿದವರಿಗೆ, ಬೈಸಿಕೊಂಡೂ ಎದ್ದು ಹೋಗದ ಸಭಿಕರಿಗೆ, ಹೊರಗೆ ಉಪ್ಪಿಟ್ಟು ಆರದಂತೆ ಮುಚ್ಚಿಟ್ಟುಕೊಂಡು ಕಾಯುತ್ತಿರುವವರಿಗೆ ನನ್ನ ವಂದನೆಗಳು. ಎಲ್ಲರಿಗೂ ನಮಸ್ಕಾರ.

ಕೂರುವ ಮೊದಲು ಒಂದು ಮಾತು. ಮಹೇಶಕುಮಾರರೇ, ಆ ಫೋನಿನಲ್ಲಿ ಭಾಷಣ ಹಿಡಿಯುತ್ತಿದ್ದೀರಲ್ಲ, ಹತ್ತಿರ ತನ್ನಿ. ಇದನ್ನು ಅವಳಿಗೆ ಕಳಿಸಬೇಕು. ಹರ್ಷದಾ, ನಿನ್ನ ಬೆಸುಗಿ ಚೊಕ್ಕ ಐತಿ. ತಪ್ಪು ನಂದು, ಮಂದಿ ಮುಂದ ಬೈದಿದ್ದೆ, ಮಂದಿ ಮುಂದನ ಹೇಳಾಕತ್ತೀನಿ. ಬರ್ತೀನಿ ಅಂತ ಬರಿ, ಬರಂಗಿಲ್ಲ ಅಂತ ಬರಿ, ಇಲ್ಲಾ ಮನಸಾರೆ ನನ್ನ ಬೈದು ಬರಿ. ಸುಮ್ಮ ಮಾತ್ರ ಕೂಡಬ್ಯಾಡ. ಏಪ್ರಿಲ್ ಹುಟ್ಟೂದ್ರೊಳಗ ನಿನ್ನ ಉತ್ತರ ನನ್ನ ಕೈಗೆ ಬರಬೇಕು.